ಸಾರು ಉಣ್ಣದ ಮನುಷ್ಯ: ಒಂದು ಕುಡಿತದ ಪ್ರಕರಣ

ನಮ್ಮ ಇಂಟರ್ನ್ ಹುಡುಗಿಯೊಬ್ಬಳು ಆಸ್ಪತ್ರೆಯ ಫಾರಂನಲ್ಲಿ ಕುಡಿತದ ರೋಗಿಯೊಬ್ಬನ ಊಟದ ಬಗ್ಗೆ ಹೀಗೆ ಬರೆದಿದ್ದಳು: "ಬೆಳಿಗ್ಗೆ ಟೀ, ಬನ್. ಮಧ್ಯಾಹ್ನ ಅನ್ನ, ಮಜ್ಜಿಗೆ. ರಾತ್ರಿ ಇಲ್ಲ." ನಾನು ಅದನ್ನು ಓದಿ, ಕೆಳಗೆ ಸಹಿ ಹಾಕಿ, ಫೈಲ್ ಮುಚ್ಚಿದೆ. ಆ ಸಾಲು ಏನು ಹೇಳುತ್ತಿತ್ತು ಅಂತ ನನಗೆ ಗೊತ್ತಾಗಿದ್ದು ಮೂರು ತಿಂಗಳಾದ ಮೇಲೆ, ಅದೂ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಬಾಯಿಬಿಟ್ಟು ಹೇಳಿದ ಮೇಲೆ.

ಮನೆಯವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ವಯಸ್ಸು, ಮನೆಯ ವಿವರ ಎಲ್ಲ ಬದಲಾಯಿಸಿದ್ದೇನೆ. ಗಂಡನನ್ನು ಮಹದೇವ, ಹೆಂಡತಿಯನ್ನು ಶಿವಮ್ಮ, ಮಗಳನ್ನು ಪುಟ್ಟಿ ಅಂತ ಕರೆಯೋಣ.

ಹಿನ್ನೆಲೆ

ನಾನು ಮೆಡಿಕಲ್ ಕಾಲೇಜೊಂದರ ಸಮುದಾಯ ವೈದ್ಯಕೀಯ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಕುಡಿತ, ತಂಬಾಕು ಒಂದು ಕಡೆ, ಹಳ್ಳಿಯ ಊಟ, ಬೆಳೆ, ಪಡಿತರ ಇನ್ನೊಂದು ಕಡೆ. ಎರಡೂ ನನ್ನ ವಿಷಯಗಳೇ. ಆದರೆ ವರ್ಷಗಟ್ಟಲೆ ಎರಡನ್ನೂ ಬೇರೆ ಬೇರೆ ಪಾಠವಾಗಿಯೇ ಹೇಳಿಕೊಟ್ಟಿದ್ದೇನೆ. ಸೋಮವಾರ ವ್ಯಸನ, ಗುರುವಾರ ಪೌಷ್ಟಿಕತೆ. ಪರೀಕ್ಷೆಯಲ್ಲೂ ಬೇರೆ ಬೇರೆ ಪ್ರಶ್ನೆ.

ಊರು ಮೈಸೂರು ಜಿಲ್ಲೆಯ ಪಶ್ಚಿಮಕ್ಕೆ, ಹುಣಸೂರು-ಪಿರಿಯಾಪಟ್ಟಣದ ಸೀಮೆಯಲ್ಲಿದೆ. ಸಿಗರೇಟಿಗೆ ಹೋಗುವ ವರ್ಜೀನಿಯಾ ಹೊಗೆಸೊಪ್ಪಿನ ನಾಡು ಅದು. ಮುಂಗಾರಿಗೆ ಮುಂಚಿನ ಮಳೆ ಬಿದ್ದರೆ ಮೇ ಹೊತ್ತಿಗೆ ನಾಟಿ, ಜುಲೈನಿಂದ ಸೊಪ್ಪು ಮುರಿಯುವುದು, ಆಮೇಲೆ ಬ್ಯಾರನ್‌ಗೆ ಏರಿಸಿ ಬೇಯಿಸುವುದು, ಕೊನೆಗೆ ತಂಬಾಕು ಮಂಡಳಿಯ ಹರಾಜು ಕಟ್ಟೆ. ಬ್ಯಾರನ್ ಅಂದರೆ ಎತ್ತರದ ಗೋಡೆಯ, ಕಿಟಕಿ ಇಲ್ಲದ ಮನೆ. ಕಡ್ಡಿಗೆ ಕಟ್ಟಿದ ಹಸಿ ಎಲೆ ಒಳಗೆ ಸಾಲು ಸಾಲಾಗಿ ನೇತಾಡುತ್ತದೆ. ಕೆಳಗೆ ದಪ್ಪ ಕೊಳವೆಯಲ್ಲಿ ಸೌದೆಯ ಬಿಸಿ ಓಡಾಡುತ್ತದೆ. ಒಂದು ಸಲ ಏರಿಸಿದರೆ ಐದಾರು ದಿನ ಬೆಂಕಿ ಆರುವಂತಿಲ್ಲ, ಜಾಸ್ತಿಯೂ ಆಗುವಂತಿಲ್ಲ. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಒಣಗಬೇಕು, ಕಡೆಗೆ ನಡುವಿನ ದಂಟು ಒಣಗುವಷ್ಟು ಕಾವು ಏರಿಸಬೇಕು. ಹಾಗಾಗಿ ರಾತ್ರಿಯೆಲ್ಲ ಎಚ್ಚರ ಇದ್ದು ಸೌದೆ ನೂಕುವ ಒಬ್ಬ ಆಳು ಬೇಕೇ ಬೇಕು.

ಮಹದೇವ ಅಂಥ ಆಳು. ವಯಸ್ಸು ನಲವತ್ತರ ಆಸುಪಾಸು. ಆರು ವರ್ಷದಿಂದ ಒಬ್ಬರೇ ಯಜಮಾನರ ಬ್ಯಾರನ್ ಕಾಯುತ್ತಿದ್ದ. ಸೀಸನ್ ಇಲ್ಲದಾಗ ಸಿಕ್ಕ ಕೂಲಿ. ಇಪ್ಪತ್ತು ಗುಂಟೆ ಸ್ವಂತ ನೆಲ ಇದೆ. ಮೊದಲು ಅದರಲ್ಲಿ ರಾಗಿ ಬೆಳೆಯುತ್ತಿದ್ದರು. ಮೂರು ವರ್ಷದ ಹಿಂದೆ ಸಾಲದ ಲೆಕ್ಕಕ್ಕೆ ಅದೇ ಯಜಮಾನರಿಗೆ ಗುತ್ತಿಗೆ ಕೊಟ್ಟರು. ಹೊಗೆಸೊಪ್ಪು ಮುಗಿದ ಮೇಲೆ ಅದೇ ನೆಲದಲ್ಲಿ ರಾಗಿ ಬಿತ್ತುವುದು ಈ ಕಡೆಯ ರೂಢಿ. ಆದರೆ ನೆಲ ಗುತ್ತಿಗೆಗೆ ಹೋದ ಮೇಲೆ ಆ ರಾಗಿಯೂ ಗುತ್ತಿಗೆದಾರನ ಕಣಜಕ್ಕೇ ಹೋಗುತ್ತದೆ. ಮಹದೇವನ ಮನೆಗೆ ಉಳಿದಿದ್ದು ಪಡಿತರದ ಅಕ್ಕಿ, ಕೊಟ್ಟ ತಿಂಗಳು ಪಡಿತರದ ರಾಗಿ.

ಇನ್ನು ಕುಡಿತ. ರಾಜ್ಯದಲ್ಲಿ 2007ರ ಜುಲೈನಲ್ಲಿ ಸಾರಾಯಿ ನಿಂತಿತು. ಮಹದೇವ ಹುಡುಗನಾಗಿದ್ದಾಗ ಕುಡಿದಿದ್ದು ಸಾರಾಯಿ ಪೊಟ್ಟಣ, ಈಗ ಕುಡಿಯುವುದು ಪೇಪರ್ ಡಬ್ಬಿಯ ವಿಸ್ಕಿ, ಅಷ್ಟೇ ವ್ಯತ್ಯಾಸ. ಊರಿನ ಪೆಟ್ಟಿಗೆ ಅಂಗಡಿಯಲ್ಲಿ ಬೀಡಿ ಕಟ್ಟಿನ ಹಿಂದೆ ಅದೂ ಸಿಗುತ್ತದೆ. ಬ್ಯಾರನ್ ಸೀಸನ್‌ನಲ್ಲಿ ಮಾತ್ರ ಅಂಗಡಿಗೆ ಹೋಗುವ ಕೆಲಸವೂ ಇಲ್ಲ. ಮಳೆ, ಹೊಗೆ, ಚಳಿ, ನಿದ್ದೆಗೇಡು. ಇದಕ್ಕೆಲ್ಲ ಪರಿಹಾರ ಅಂತ ಯಜಮಾನರೇ ರಾತ್ರಿಗೊಂದು ಕ್ವಾರ್ಟರ್ ಕೊಡುತ್ತಿದ್ದರು. ಅದು ಭಕ್ಷೀಸೂ ಅಲ್ಲ, ಕೂಲಿಯ ಒಂದು ಭಾಗ. ಕ್ವಾರ್ಟರ್ ಅಂದರೆ 180 ಮಿಲಿ. ಅದರಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 60 ಗ್ರಾಂ, ಅಂದರೆ 400 ಕ್ಯಾಲೊರಿಗೂ ಜಾಸ್ತಿ. ಹೊಟ್ಟೆ ತುಂಬಿದ ಹಾಗೆ ಆಗುತ್ತದೆ. ಆದರೆ ಅದರಲ್ಲಿ ವಿಟಮಿನ್ ಅನ್ನುವುದು ಒಂದು ಚೂರೂ ಇಲ್ಲ.

ಆಣೆ, ಫಿಟ್ಸ್, ಗ್ಲೂಕೋಸ್

ಶಿವರಾತ್ರಿಗೆ ಶಿವಮ್ಮ ಗಂಡನನ್ನು ಮಾದಪ್ಪನ ಬೆಟ್ಟಕ್ಕೆ ಕರೆದುಕೊಂಡು ಹೋದಳು. ಕರ್ಪೂರ ಹಚ್ಚಿ ಆಣೆ ಮಾಡಿಸಿದಳು. ಮಹದೇವನೂ ಮನಸ್ಸಿಟ್ಟೇ ಆಣೆ ಮಾಡಿದ್ದ. ಅವತ್ತಿನಿಂದ ಒಂದು ತೊಟ್ಟೂ ಮುಟ್ಟಲಿಲ್ಲ. ಎರಡನೇ ರಾತ್ರಿ ಕೈ ನಡುಗಿ, ಮೈ ಬೆವತು, ಫಿಟ್ಸ್ ಬಂತು.

ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು-ಮೂರು ದಿನಕ್ಕೆ ಮಾತು ತಪ್ಪಿ, ಇಲ್ಲದ್ದು ಕಾಣಬಹುದು. ಜೀವಕ್ಕೂ ಅಪಾಯ. ಊರವರು ಇದನ್ನು "ದೇವರು ಹಿಡ್ಕೊಂಡ" ಅಂದರು. ತಪ್ಪು ಅವರದಲ್ಲ, ನಾವು ಯಾವತ್ತೂ ಹೇಳಿಯೇ ಇರಲಿಲ್ಲವಲ್ಲ. ನಮ್ಮ ಪೋಸ್ಟರ್‌ಗಳಲ್ಲಿ "ಇಂದೇ ಬಿಡಿ" ಅಂತಷ್ಟೇ ಇತ್ತು.

ಹತ್ತಿರದ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಸುಸ್ತಾಗಿದ್ದಾನೆ ಅಂತ ಗ್ಲೂಕೋಸ್ ಬಾಟಲಿ ಏರಿಸಿದರು. ಜೊತೆಗೆ ಥಯಾಮಿನ್ ಕೊಡಲಿಲ್ಲ. ಥಯಾಮಿನ್ ಅಂದರೆ ಬಿ1 ವಿಟಮಿನ್. ಸಕ್ಕರೆಯನ್ನು ಶಕ್ತಿಯಾಗಿ ಮಾಡಲು ಮೆದುಳಿಗೆ ಅದು ಬೇಕೇ ಬೇಕು. ಅದರ ದಾಸ್ತಾನು ಖಾಲಿ ಇದ್ದಾಗ ಬರೀ ಗ್ಲೂಕೋಸ್ ಸುರಿದರೆ ಇದ್ದ ಒಂದು ಚೂರೂ ಖರ್ಚಾಗಿಹೋಗುತ್ತದೆ. ಸಕ್ಕರೆ ಇಳಿದುಹೋಗಿದ್ದರೆ ಗ್ಲೂಕೋಸ್ ತಡಮಾಡುವ ಹಾಗಿಲ್ಲ ನಿಜ. ಆದರೆ ಥಯಾಮಿನ್ ಇಂಜೆಕ್ಷನ್ ಮೊದಲೋ ಜೊತೆಗೋ ಹೋಗಲೇಬೇಕು. ಇದು ಪ್ರತಿ ವೈದ್ಯಕೀಯ ವಿದ್ಯಾರ್ಥಿ ಬಾಯಿಪಾಠ ಮಾಡಿರುವ ವಿಷಯ. ರಾತ್ರಿ ಹನ್ನೊಂದರ ಗಡಿಬಿಡಿಯಲ್ಲಿ ಬಾಯಿಪಾಠ ನೆನಪಾಗುವುದಿಲ್ಲ.

ಮಾರನೇ ದಿನ ಮಹದೇವನಿಗೆ ಒಂದು ವಸ್ತು ಎರಡಾಗಿ ಕಾಣತೊಡಗಿತು. ನಿಂತರೆ ತೂರಾಡುತ್ತಿದ್ದ. ಹೆಂಡತಿಯನ್ನು ಅಕ್ಕ ಅಂತ ಕರೆದ. ಕುಡಿಯದೆ ಎರಡು-ಮೂರು ದಿನ ಆಗಿದ್ದರೂ, ವಾರ್ಡಿನಲ್ಲಿದ್ದವರು "ಎಲ್ಲೋ ತಂದು ಕುಡಿದಿದ್ದಾನೆ" ಅಂದುಕೊಂಡರು. ಅಲ್ಲಿಂದ ನಮ್ಮ ಕಡೆಗೆ ಬಂದ. ನಮ್ಮ ಮೆಡಿಸಿನ್ ವಿಭಾಗದವರು ಕಣ್ಣು ನೋಡಿದ ತಕ್ಷಣ ಹಿಡಿದರು: ವೆರ್ನಿಕೆ ಎನ್ಸೆಫಲೋಪತಿ, ಅಂದರೆ ಥಯಾಮಿನ್ ಕೊರತೆಯಿಂದ ಮೆದುಳಿಗೆ ಬರುವ ಕಾಯಿಲೆ. ಗಲಿಬಿಲಿ, ತೂರಾಟ, ಕಣ್ಣಿನ ಚಲನೆಯ ತೊಂದರೆ, ಮೂರೂ ಇದ್ದವು. ನರಕ್ಕೆ ಥಯಾಮಿನ್ ಕೊಟ್ಟರು, ಕುಡಿತ ನಿಲ್ಲಿಸಿದಾಗಿನ ನಡುಕ, ಫಿಟ್ಸ್ ತಡೆಯಲು ಲೋರಾಜೆಪಾಮ್ ಕೊಟ್ಟು, ಅದರ ಡೋಸನ್ನು ನಿಧಾನಕ್ಕೆ ಇಳಿಸಿದರು. ಕಣ್ಣು ಎರಡು ದಿನಕ್ಕೆ ಸರಿಹೋಯಿತು. ನಡಿಗೆ ವಾರಗಟ್ಟಲೆ ತೆಗೆದುಕೊಂಡಿತು. ನೆನಪಿನ ವಿಷಯ ಆಮೇಲೆ ಹೇಳುತ್ತೇನೆ.

ನನ್ನ ಪಾಲಿನ ತಪ್ಪು

ಡಿಸ್ಚಾರ್ಜ್ ಆಗುವಾಗ ಕೇಸು ನಮ್ಮ ಗ್ರಾಮೀಣ ಕೇಂದ್ರದ ಕೈಗೆ ಬಂತು. ನಾನು ಮಾಡಿದ್ದು ಇಷ್ಟು. ಕುಡಿತ ಎಷ್ಟು ಕೈಮೀರಿದೆ ಅಂತ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಆಡಿಟ್ ಪಟ್ಟಿ ಕೇಳಿಸಿದೆ. 40ಕ್ಕೆ 29 ಬಂತು. 20 ದಾಟಿದರೇ ಅವಲಂಬನೆಯ ಗುಮಾನಿ ಪಡಬೇಕು. ಥಯಾಮಿನ್ ಮಾತ್ರೆ ಕೊಟ್ಟೆ. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಮನೋಚೈತನ್ಯ ಕ್ಲಿನಿಕ್ಕಿಗೆ ಚೀಟಿ ಬರೆದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರನ್ನು ಶಿವಮ್ಮನ ಫೋನಿಗೆ ಹಾಕಿಕೊಟ್ಟೆ. "ಚೆನ್ನಾಗಿ ಊಟ ಮಾಡಪ್ಪ" ಅಂದೆ.

ಈ ಕೊನೆಯ ಮಾತು ಎಷ್ಟು ದಂಡ ಅಂತ ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಯಾವುದನ್ನು ಊಟ ಮಾಡಬೇಕು? ಯಾರು ಮಾಡಿದ್ದನ್ನು? ಎಷ್ಟು ಹೊತ್ತಿಗೆ? ಆ ಹತ್ತು ಪ್ರಶ್ನೆಗಳಲ್ಲಿ ಊಟದ ಬಗ್ಗೆ ಒಂದೂ ಇಲ್ಲ. ನಾನೂ ಕೇಳಲಿಲ್ಲ. ಇಂಟರ್ನ್ ಹುಡುಗಿ ಕೇಳಿ ಬರೆದಿದ್ದಳು, ಅದನ್ನು ನಾನು ಓದಿಯೂ ಓದಲಿಲ್ಲ.

ಆ ಊರಿನ ಸಂತೆಯೂ ಮಂಗಳವಾರವೇ. ಮಹದೇವ ಕ್ಲಿನಿಕ್ಕಿಗೆ ಹೋಗಿದ್ದು ಒಂದೇ ಸಲ. ಯುಗಾದಿ ಬಂತು. ಯುಗಾದಿಯ ದಿನ ಹೋಳಿಗೆ, ಮಾರನೇ ದಿನ ಹೊಸತೊಡಕು. ಹಳೇ ಮೈಸೂರು ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅವತ್ತು ಬಾಡು ಬೇಯದ ಮನೆ ಕಮ್ಮಿ, ಗ್ಲಾಸು ಎತ್ತದ ಗಂಡಸರೂ ಕಮ್ಮಿ. ಒಂದು ನೈಂಟಿ ಅಂತ ಶುರುವಾಗಿ ಎರಡು ವಾರದಲ್ಲಿ ಮೊದಲಿನ ಲೆಕ್ಕಕ್ಕೆ ಬಂದ.

ಪುಟ್ಟಿ ಹೇಳಿದ್ದು

ಜೂನ್‌ನಲ್ಲಿ ನಾನೇ ಮನೆಗೆ ಹೋದೆ. ಊರಿನ ಆಶಾ ಕಾರ್ಯಕರ್ತೆ, ನಮ್ಮ ಆಶಾ ಅಕ್ಕನೂ ಜೊತೆಗಿದ್ದರು. ಮಹದೇವ ಇರಲಿಲ್ಲ. ಶಿವಮ್ಮ ಒಲೆ ಮುಂದೆ ಮುದ್ದೆ ತಿರುವುತ್ತಿದ್ದಳು. ಪಕ್ಕದಲ್ಲಿ ಹುರುಳಿಕಾಳಿನ ಸಾರು ಕುದಿಯುತ್ತಿತ್ತು. ಪುಟ್ಟಿ ಜಗುಲಿಯಲ್ಲಿ ಕೂತು ಹೋಂವರ್ಕ್ ಬರೆಯುತ್ತಿದ್ದಳು. ಸುಮ್ನೆ ಮಾತಿಗೆ ಅಂತ, "ಅಪ್ಪನಿಗೂ ಇದೇ ಸಾರಾ ಪುಟ್ಟಿ?" ಅಂದೆ.

"ಇಲ್ಲ ಸಾ. ಅಪ್ಪ ನಮ್ಮವ್ವ ಮಾಡಿದ್ ಸಾರು ಉಣ್ಣಾಕಿಲ್ಲ."

ಒಲೆ ಹತ್ತಿರ ಕೋಲು ನಿಂತಿತು. ಶಿವಮ್ಮ ತಿರುಗಿ ನೋಡಲಿಲ್ಲ.

ವಿಷಯ ಹೊರಗೆ ಬರಲು ಒಂದು ಗಂಟೆ ಬೇಕಾಯಿತು. ಹಿಂದಿನ ವರ್ಷ ಬಸ್‌ಸ್ಟ್ಯಾಂಡಿನ ಕಂಬದ ಮೇಲೆ ಅಂಟಿಸಿದ್ದ ಚೀಟಿ ನೋಡಿ ಶಿವಮ್ಮ "ಕುಡಿತ ಬಿಡಿಸುವ ಪುಡಿ" ತರಿಸಿದ್ದಳು. ಗಂಡನಿಗೆ ಗೊತ್ತಾಗದ ಹಾಗೆ ಸಾರಿಗೆ ಬೆರೆಸಿ ಅಂತ ಫೋನಿನಲ್ಲಿ ಹೇಳಿದ್ದರು. ನಾಲ್ಕು ದಿನ ಬೆರೆಸಿದಳು. ನಾಲ್ಕನೇ ರಾತ್ರಿ ಕುಡಿದು ಬಂದು ಉಂಡ ಮಹದೇವನ ಮುಖ ಕೆಂಡದ ಹಾಗಾಯಿತು, ಎದೆ ಹೊಡೆದುಕೊಂಡಿತು, ವಾಂತಿ ನಿಲ್ಲಲೇ ಇಲ್ಲ. ಪಕ್ಕದ ಮನೆಯವರ ಬಾಯಿಂದ ಪುಡಿ ವಿಷಯ ಅವನ ಕಿವಿಗೆ ಬಿತ್ತು. ಅವತ್ತಿನಿಂದ ಮನೆಯ ಸಾರು ಬಂದ್.

ಪೊಟ್ಟಣದ ಮೇಲೆ ಏನಿದೆ ಅಂತ ಬರೆದಿರಲಿಲ್ಲ, ಪೊಟ್ಟಣವೂ ಉಳಿದಿರಲಿಲ್ಲ. ಲಕ್ಷಣ ನೋಡಿದರೆ ಡೈಸಲ್ಫಿರಾಮ್ ಥರದ್ದು ಇದ್ದಿರಬಹುದು ಅನ್ನುವುದು ನನ್ನ ಅಂದಾಜು ಮಾತ್ರ. ಕುಡಿತ ಬಿಡಿಸಲು ಡಾಕ್ಟರು ಕೊಡುವ ಆ ಔಷಧಿ ತೆಗೆದುಕೊಂಡು ಕುಡಿದರೆ ಆಲ್ಕೋಹಾಲ್ ಪೂರ್ತಿ ಕರಗದೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಅಸಿಟಾಲ್ಡಿಹೈಡ್ ಅನ್ನುವ ವಿಷ ಮೈಯಲ್ಲಿ ಏರುತ್ತದೆ. ಬಿಪಿ ಕುಸಿದು ಸತ್ತವರೂ ಇದ್ದಾರೆ. ಅದಕ್ಕೇ ಕುಡಿಯುವವನಿಗೆ ಗೊತ್ತಿಲ್ಲದೆ, ಅವನ ಒಪ್ಪಿಗೆ ಇಲ್ಲದೆ, ಅದನ್ನು ಕೊಡಲೇಬಾರದು. ಶಿವಮ್ಮನಿಗೆ ಇದನ್ನೆಲ್ಲ ಹೇಳಿದಾಗ ಅವಳು ಕೇಳಿದ್ದು ಒಂದೇ: "ಮತ್ತೆ ನಂಗೆ ಯಾರೂ ಹೇಳ್ಲೇ ಇಲ್ವಲ್ಲ ಸಾ?"

ಈಗ ಫಾರಂನ ಆ ಸಾಲಿಗೆ ಬರೋಣ. ಸಾರು ಬಿಟ್ಟರೆ ಏನಾಗುತ್ತದೆ? ಬೇರೆ ಕಡೆಯವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಮುದ್ದೆ ಬರೀ ಬಾಯಲ್ಲಿ ಇಳಿಯುವ ಪದಾರ್ಥ ಅಲ್ಲ. ಅದನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಸಾರು ಬಿಟ್ಟವನಿಗೆ ಮುದ್ದೆಯೂ ತಪ್ಪಿತು. ಸಾರಿನ ಜೊತೆಗೇ ಬರುವ ಹುರುಳಿ, ಅವರೆಕಾಳು, ಬೆರಕೆ ಸೊಪ್ಪು ಎಲ್ಲ ತಪ್ಪಿತು. ಏನೂ ಬೆರೆಸಿಲ್ಲ ಅಂತ ಕಣ್ಣಿಗೆ ಕಾಣುವಂಥದ್ದು ಉಳಿದಿದ್ದು ಬಿಳಿ ಅನ್ನ ಮತ್ತು ಅಂಗಡಿಯಿಂದ ತಾನೇ ತಂದ ಮಜ್ಜಿಗೆ ಪ್ಯಾಕೆಟ್. ನೂರು ಗ್ರಾಂ ರಾಗಿಯಲ್ಲಿ ಥಯಾಮಿನ್ 0.4 ಮಿಲಿಗ್ರಾಂ ಹತ್ತಿರ ಇರುತ್ತದೆ. ಪಾಲಿಷ್ ಅಕ್ಕಿಯಲ್ಲಿ 0.05ರ ಆಸುಪಾಸು. ದೇಹದ ಒಟ್ಟು ದಾಸ್ತಾನೇ ಸುಮಾರು 30 ಮಿಲಿಗ್ರಾಂ, ಎರಡು-ಮೂರು ವಾರಕ್ಕೆ ಸಾಕಾಗುವಷ್ಟು. ಅದರ ಮೇಲೆ ಕುಡಿತ ಕರುಳಿನಲ್ಲಿ ಥಯಾಮಿನ್ ಹೀರುವುದನ್ನೇ ತಡೆಯುತ್ತದೆ. ಮಹದೇವ ಒಂದು ವರ್ಷಕ್ಕೂ ಮೇಲೆ ಹೀಗೇ ಬದುಕಿದ್ದ.

ಇಲ್ಲಿ ನನಗೆ ಒಂದು ಹಳೇ ಕಥೆ ನೆನಪಾಗುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜಾವಾದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯರ ಪ್ರಯೋಗಶಾಲೆಯ ಕೋಳಿಗಳು ಕಾಲಿನ ಸ್ವಾಧೀನ ತಪ್ಪಿ ಬೀಳತೊಡಗಿದವು. ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಪಾಲಿಷ್ ಅನ್ನ ಅವುಗಳ ಮೇವಾಗಿತ್ತು. ಅಷ್ಟರಲ್ಲಿ ಅಡುಗೆಯವನು ಬದಲಾದ. ಮಿಲಿಟರಿ ಅನ್ನ ಸಿವಿಲ್ ಕೋಳಿಗೆ ಯಾಕೆ ಅಂತ ಹೊಸಬ ಕೊಡುವುದನ್ನು ನಿಲ್ಲಿಸಿಬಿಟ್ಟ. ತೌಡು ಇರುವ ಅಕ್ಕಿ ತಿಂದ ಕೋಳಿಗಳು ಎದ್ದು ಓಡಾಡಿದವು. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು. ಅಡುಗೆಯವನ ಹೆಸರು ನಮ್ಮ ಪಠ್ಯಪುಸ್ತಕದಲ್ಲಿಲ್ಲ. ಈ ಕಥೆಯನ್ನು ನಾನು ಪ್ರತಿ ವರ್ಷ ಗುರುವಾರದ ಕ್ಲಾಸಿನಲ್ಲಿ ನಗುತ್ತಾ ಹೇಳುತ್ತೇನೆ. ಯಾರ ಕೈಯಿಂದ ಏನು ತಟ್ಟೆಗೆ ಬೀಳುತ್ತಿದೆ ಅಂತ ಮಹದೇವನ ವಿಷಯದಲ್ಲಿ ಮಾತ್ರ ಕೇಳಲಿಲ್ಲ.

ಬ್ಯಾರನ್‌ಗೆ ಕಳಿಸಬೇಕೋ ಬೇಡವೋ

ಮೊದಲು ಅವನನ್ನು ಐದು ದಿನ ತಾಲ್ಲೂಕು ಆಸ್ಪತ್ರೆಗೆ ಸೇರಿಸಿ, ಥಯಾಮಿನ್ ಇಂಜೆಕ್ಷನ್ ಕೊಟ್ಟು, ಔಷಧಿಯಡಿಯಲ್ಲೇ ಕುಡಿತ ಇಳಿಸಿದೆವು. ಇದನ್ನು ಒತ್ತಿ ಹೇಳುತ್ತೇನೆ: ರಾಗಿ ಉಂಡು ಈ ಕಾಯಿಲೆ ವಾಸಿಯಾಗುವುದಿಲ್ಲ. ಖಾಲಿಯಾದ ದಾಸ್ತಾನು ತುಂಬುವುದು ಸೂಜಿಯ ಕೆಲಸ. ಮತ್ತೆ ಖಾಲಿಯಾಗದಂತೆ ನೋಡಿಕೊಳ್ಳುವುದು ಊಟದ ಕೆಲಸ.

ಆಸ್ಪತ್ರೆಯಿಂದ ಹೊರಬರುವ ಹೊತ್ತಿಗೆ ಜುಲೈ. ಬ್ಯಾರನ್ ಸೀಸನ್. ನಮ್ಮ ಮನೋವೈದ್ಯ ಸ್ನೇಹಿತರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು: "ಅಲ್ಲಿಗೆ ಕಳಿಸಬೇಡಿ. ರಾತ್ರಿ ಕ್ವಾರ್ಟರ್ ಇಟ್ಟುಕೊಂಡು ಕಾಯುವ ಜಾಗ ಅದು." ಒಂದು ತಿಂಗಳು ವ್ಯಸನಮುಕ್ತಿ ಕೇಂದ್ರಕ್ಕೆ ಹಾಕಿ ಅಂದರು. ಶಿವಮ್ಮ ಒಪ್ಪಲಿಲ್ಲ. ವರ್ಷದ ಒಳ್ಳೇ ಕೂಲಿ ಬರುವುದು ಆ ಮೂರು ತಿಂಗಳಲ್ಲೇ, ಅದು ಹೋದರೆ ಗುತ್ತಿಗೆ ಸಾಲ ಇನ್ನೊಂದು ವರ್ಷ ಮುಂದಕ್ಕೆ ಹೋಗುತ್ತದೆ. ನಾನು ಶಿವಮ್ಮನ ಕಡೆ ನಿಂತೆ. ಸ್ನೇಹಿತರು ಹೇಳಿದ್ದೂ ತಪ್ಪಲ್ಲ. ಇನ್ನೊಂದು ಮನೆಯಲ್ಲಿ, ಇನ್ನೊಬ್ಬ ಯಜಮಾನನ ಕೈಕೆಳಗೆ, ನನ್ನ ನಿರ್ಧಾರ ಜೀವಕ್ಕೇ ಎರವಾಗಬಹುದಿತ್ತು.

ಯಜಮಾನರ ಹತ್ತಿರ ಹೋದಾಗ ಕುಡಿತದ ಕೆಡುಕಿನ ಬಗ್ಗೆ ನಾನು ಮಾತೇ ಎತ್ತಲಿಲ್ಲ. "ಕುಡಿದು ಆಳು ಮಲಗಿಬಿಟ್ಟರೆ ಸೊಪ್ಪಿನ ಗತಿ ಏನು?" ಅಂತ ಕೇಳಿದೆ. ಅವರ ಮುಖ ಬದಲಾಯಿತು. ಒಂದು ವರ್ಷ ಕಾವು ಏರಿ ಒಂದು ಬ್ಯಾರನ್ ಸೊಪ್ಪು ಕಪ್ಪಾಗಿ, ಹರಾಜಿನಲ್ಲಿ ಕೇಳುವವರಿಲ್ಲದೆ ಹೋಗಿತ್ತಂತೆ. ಕ್ವಾರ್ಟರ್ ಬದಲು ರಾತ್ರಿ ಊಟ ತಮ್ಮ ಮನೆಯಿಂದಲೇ ಕಳಿಸಲು ಒಪ್ಪಿದರು. ನಾನು ಗೆದ್ದೆ ಅಂದುಕೊಂಡು ವಾಪಸ್ ಬಂದೆ.

ಮೂರು ದಿನಕ್ಕೆ ಆಶಾ ಅಕ್ಕನ ಫೋನ್. ಊಟ ಬರುತ್ತಿತ್ತು, ಮಹದೇವ ಮುಟ್ಟುತ್ತಿರಲಿಲ್ಲ. ದನದ ಕೊಟ್ಟಿಗೆ ಪಕ್ಕ, ಬಿಸಾಡುವ ತಟ್ಟೆಯಲ್ಲಿ, ದೂರದಿಂದ ಬಡಿಸಿ ಹೋಗುತ್ತಿದ್ದರು. ಆ ಮನೆಯ ಜಾತಿ ಬೇರೆ, ಇವನ ಜಾತಿ ಬೇರೆ. ಕ್ವಾರ್ಟರ್ ಕೊಡುವಾಗ ಕೈಯಿಂದ ಕೈಗೇ ಕೊಡುತ್ತಿದ್ದರು, ಅದಕ್ಕೆ ಮೈಲಿಗೆ ಇರಲಿಲ್ಲ. ಆ ಊಟವನ್ನು ಬ್ಯಾರನ್‌ನ ನಾಯಿ ತಿನ್ನುತ್ತಿತ್ತು. ನನಗೆ ಹೊಳೆಯಲೇಬೇಕಿದ್ದ ವಿಷಯ, ಹೊಳೆಯಲಿಲ್ಲ. ಮಹದೇವನೂ ನನ್ನ ಮುಂದೆ ಈ ಮಾತು ಆಡಲಿಲ್ಲ. "ಹೋಗ್ಲಿ ಬುಡಿ ಸಾ" ಅಂದ.

ದಾರಿ ತೋರಿಸಿದ್ದು ಮಹದೇವನ ತಾಯಿ. "ಅವ್ಳು ಬುತ್ತಿ ತಗೊಂಡ್ ಹೋಗ್ಲಿ. ಇಬ್ರೂ ಒಂದೇ ತಟ್ಟೆಲಿ ಉಣ್ಲಿ" ಅಂದರು. ಅಷ್ಟೇ. ಸಂಜೆ ಏಳೂವರೆಗೆ ಶಿವಮ್ಮ ಬಟ್ಟೆಯಲ್ಲಿ ಸುತ್ತಿದ ಮುದ್ದೆ, ಕ್ಯಾರಿಯರ್‌ನಲ್ಲಿ ಸಾರು ತೆಗೆದುಕೊಂಡು ಬ್ಯಾರನ್‌ಗೆ ಹೋಗಬೇಕು. ಸಾರು ಒಂದೇ ತಟ್ಟೆಗೆ ಸುರಿಯಬೇಕು. ಮೊದಲ ತುತ್ತು ಅವಳದ್ದು.

ಎರಡನೇ ದಿನ ನಾನು ಅಲ್ಲಿದ್ದೆ. ಮಳೆ ಜಿನುಗುತ್ತಿತ್ತು. ಒಲೆ ಬಾಯಿಯ ಬೆಳಕಿನಲ್ಲಿ ಇಬ್ಬರೂ ಎದುರು ಬದುರು ಕೂತಿದ್ದರು. ಶಿವಮ್ಮ ಒಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಿದಳು. ಮಹದೇವ ಅವಳ ಗಂಟಲನ್ನೇ ನೋಡುತ್ತಿದ್ದ. ಅವಳು ಎರಡನೇ ತುತ್ತು, ಮೂರನೇ ತುತ್ತು ನುಂಗಿದಳು. ನಾಲ್ಕನೆಯದಕ್ಕೆ ಅವನ ಕೈ ಮುಂದೆ ಬಂತು. ಯಾರೂ ಏನೂ ಮಾತಾಡಲಿಲ್ಲ. ಅವನು ಉಂಡಿದ್ದು ಅರ್ಧ ಮುದ್ದೆ. ಒಂದು ವಾರ ಆದ ಮೇಲೆ ಅವಳು ಮೊದಲು ನುಂಗುವುದನ್ನು ಕಾಯುವುದು ಬಿಟ್ಟ ಅಂತ ಕೇಳಿದೆ.

ಕ್ವಾರ್ಟರ್ ಲೆಕ್ಕ ಇನ್ನೂ ಬಾಕಿ ಇತ್ತು. ಅದು ಕೂಲಿಯ ಭಾಗ ಅಲ್ವಾ, ನಿಂತರೆ ಅದರ ಬದಲು ಏನಾದರೂ ಬರಬೇಕು. ನಾನು ಯಜಮಾನರ ಜೊತೆ ಮಾತಾಡಿ ವಾರಕ್ಕೆ ಐದು ಕೆಜಿ ರಾಗಿ ಅಂತ ತೀರ್ಮಾನ ಮಾಡಿ ಬಂದಿದ್ದೆ. ಶಿವಮ್ಮ ನನ್ನನ್ನು ಕನಿಕರದಿಂದ ನೋಡಿದಳು. "ಏಳು ಕ್ವಾರ್ಟರ್ ದುಡ್ಡಿಗೆ ಐದು ಕೆಜಿ ರಾಗಿನಾ ಸಾ? ನೀವೇನ್ ಲೆಕ್ಕ ಓದಿದ್ದೀರಿ?" ಅವಳೇ ಹೋಗಿ ವಾರಕ್ಕೆ ಹದಿನೈದು ಕೆಜಿ ರಾಗಿ, ಎರಡು ಕೆಜಿ ಕಡಲೆಕಾಯಿ ಬೀಜಕ್ಕೆ ಮಾತು ಮುಗಿಸಿಕೊಂಡು ಬಂದಳು. ಕಡಲೆಕಾಯಿಯಲ್ಲಿ ಥಯಾಮಿನ್ ರಾಗಿಗಿಂತಲೂ ಜಾಸ್ತಿ. ಅವಳು ಕೇಳಿದ್ದು ಅದಕ್ಕಲ್ಲ, ರಾತ್ರಿ ಬೆಂಕಿ ಮುಂದೆ ಕೂತವನಿಗೆ ಬಾಯಾಡಿಸಲು ಏನಾದರೂ ಬೇಕು ಅಂತ.

ಸೊಪ್ಪು ಮುರಿಯುವ ದಿನಗಳು

ಆಗಸ್ಟ್‌ನಲ್ಲಿ ಮಹದೇವ ಮೂರು ರಾತ್ರಿ ಕುಡಿದ. ಮೂರು ದಿನವೂ ಬುತ್ತಿ ಬಂದಿರಲಿಲ್ಲ. ಯಾಕೆ ಅಂತ ಕೇಳಿದರೆ ಶಿವಮ್ಮ "ಮೈ ಸರಿ ಇರ್ಲಿಲ್ಲ" ಅಂದಳು. ಆಶಾ ಅಕ್ಕ ತಾರೀಖು ನೋಡಿ ಹೇಳಿದರು: ಮೂರೂ ಅವಳು ಮಳೆಯಲ್ಲಿ ಸೊಪ್ಪು ಮುರಿಯಲು ಹೋದ ದಿನ.

ಹಸಿ ಹೊಗೆಸೊಪ್ಪು ನೆಂದಿದ್ದಾಗ ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದ ಮೂಲಕ ಒಳಗೆ ಹೋಗುತ್ತದೆ. ತಲೆ ತಿರುಗು, ಹೊಟ್ಟೆ ತೊಳಸು, ವಾಂತಿ. ಕಂಕುಳಲ್ಲಿ ಎಲೆಯ ಹೊರೆ ಒತ್ತಿಕೊಂಡು ಸಾಲಿನಲ್ಲಿ ನಡೆಯುವವರಿಗೆ ಇದು ಜಾಸ್ತಿ. ಅಂಥ ಸಂಜೆ ಒಲೆ ಮುಂದೆ ಕೂರುವುದಿರಲಿ, ಊಟದ ವಾಸನೆಯೇ ಸೇರುವುದಿಲ್ಲ. ನಮ್ಮ ಫಾರಂನಲ್ಲಿ ಅವಳ ಹೆಸರಿನ ಮುಂದೆ "ಯಾವ ವ್ಯಸನವೂ ಇಲ್ಲ" ಅಂತ ಇತ್ತು. ಒಂದು ಬೀಡಿಯನ್ನೂ ಮುಟ್ಟದ ಹೆಂಗಸಿನ ಮೈಗೆ ಅವಳ ಕೂಲಿಯೇ ನಿಕೋಟಿನ್ ಏರಿಸುತ್ತಿತ್ತು.

ಗ್ಲೌಸ್ ಕೊಟ್ಟೆವು. ಸೆಖೆಗೆ, ಎಲೆಯ ಅಂಟಿಗೆ ಎರಡು ದಿನದಲ್ಲಿ ಬಿಚ್ಚಿಟ್ಟರು. ಎಲೆಯ ನೀರು ಆರಿದ ಮೇಲೆ ಮುರಿಸಿ ಅಂತ ಯಜಮಾನರನ್ನು ಕೇಳಿದೆ, ಆಗಲ್ಲ ಅಂದರು. ಕೊನೆಗೆ ತುಂಬುತೋಳಿನ ಹಳೇ ಶರ್ಟು, ಮೇಲೊಂದು ಪ್ಲಾಸ್ಟಿಕ್ ಹೊದಿಕೆ, ಕೆಲಸ ಬಿಟ್ಟ ತಕ್ಷಣ ಸೋಪಿನಲ್ಲಿ ಕೈ ತೊಳೆಯುವುದು, ಇಷ್ಟು ಉಳಿಯಿತು. ತೊಂದರೆ ಕಮ್ಮಿಯಾಯಿತು, ಹೋಗಲಿಲ್ಲ. ಮುರಿಯುವ ದಿನಗಳಲ್ಲಿ ಬುತ್ತಿಯನ್ನು ಅಜ್ಜಿ ಕಟ್ಟಿದರು, ಪುಟ್ಟಿ ತೆಗೆದುಕೊಂಡು ಹೋದಳು. ಹನ್ನೊಂದು ವರ್ಷದ ಹುಡುಗಿ ಸಂಜೆಗತ್ತಲಲ್ಲಿ ಬ್ಯಾರನ್‌ಗೆ ಹೋಗುವುದು ನನಗೆ ಸರಿ ಅನ್ನಿಸಲಿಲ್ಲ. ಅದಕ್ಕಿಂತ ಒಳ್ಳೇ ದಾರಿ ನನ್ನ ಹತ್ತಿರ ಇರಲೂ ಇಲ್ಲ.

ಏನು ಉಳಿಯಿತು

ಸೀಸನ್ ಮುಗಿದಾಗ ಆಡಿಟ್ ಮತ್ತೆ ಕೇಳಿದೆವು. 29 ಇದ್ದದ್ದು 12ಕ್ಕೆ ಬಂದಿತ್ತು. ಆದರೆ ಆ ಪಟ್ಟಿ ಹಿಂದಿನ ಒಂದು ವರ್ಷವನ್ನು ಕೇಳುತ್ತದೆ, ಮಹದೇವನ ನೆನಪೋ ನೆಟ್ಟಗಿಲ್ಲ, ಹಾಗಾಗಿ ಆ 12ನ್ನು ನಾನು ಅಷ್ಟಾಗಿ ನಂಬುವುದಿಲ್ಲ. ತೂಕ ನಾಲ್ಕು ಕೆಜಿ ಏರಿದ್ದು ಮಾತ್ರ ತಕ್ಕಡಿಯ ಮಾತು. ಪೂರ್ತಿ ಬಿಟ್ಟಿಲ್ಲ. ನಡಿಗೆಯಲ್ಲಿ ಈಗಲೂ ಸ್ವಲ್ಪ ತೂರಾಟ ಇದೆ, ಹೊಸಬರು ನೋಡಿದರೆ ಕುಡಿದಿದ್ದಾನೆ ಅಂದುಕೊಳ್ಳುತ್ತಾರೆ. ಹಳೇದೆಲ್ಲ ನೆನಪಿದೆ, ನಿನ್ನೆಯದು ನಿಲ್ಲುವುದಿಲ್ಲ. ಎಷ್ಟು ರಾತ್ರಿ ಕೆಲಸ ಮಾಡಿದ್ದೇನೆ ಅನ್ನುವುದೇ ತಪ್ಪಿ ಒಂದು ವಾರದ ಕೂಲಿ ಕಳೆದುಕೊಂಡ. ಆ ಮೊದಲ ಆಸ್ಪತ್ರೆಯ ರಾತ್ರಿ ಒಂದು ಇಂಜೆಕ್ಷನ್ ಸರಿಯಾದ ಹೊತ್ತಿಗೆ ಹೋಗಿದ್ದರೆ ಇದರಲ್ಲಿ ಎಷ್ಟು ಉಳಿಯುತ್ತಿತ್ತೋ ಅಂತ ನಾನು ಆಗಾಗ ಯೋಚಿಸುತ್ತೇನೆ.

ಅದೇ ಊರಿನ ಇನ್ನು ಮೂವರು ಬ್ಯಾರನ್ ಆಳುಗಳಿಗೂ ಕ್ವಾರ್ಟರ್ ಬದಲು ರಾಗಿ ಅಂತ ಕೇಳಿ ನೋಡಿದೆವು. ಒಬ್ಬ ಒಪ್ಪಿದ. ಇಬ್ಬರು "ಕ್ವಾರ್ಟರೇ ಇರ್ಲಿ ಸಾ" ಅಂದರು. ಹಾಗಾಗಿ ಇದನ್ನು ಮಾದರಿ, ಯೋಜನೆ ಅಂತೆಲ್ಲ ಕರೆಯಲು ನನಗೆ ಧೈರ್ಯ ಇಲ್ಲ. ಮಹದೇವನ ಕುಡಿತಕ್ಕೆ ಮುದ್ದೆ ಔಷಧಿ ಆಗಲಿಲ್ಲ. ಅವನು ಮನೆಯ ತಟ್ಟೆಯನ್ನು ನಂಬದೇ ಇರುವವರೆಗೂ ನಮ್ಮ ಯಾವ ಔಷಧಿಯೂ ನಿಲ್ಲಲಿಲ್ಲ, ನಾನು ಖಚಿತವಾಗಿ ಹೇಳಬಲ್ಲದ್ದು ಅಷ್ಟೇ.

ನಮ್ಮಲ್ಲಿ ಬದಲಾಗಿದ್ದು ಇಷ್ಟು. ಕುಡಿಯುವವರ ಮನೆಗೆ ಹೋಗುವ ಇಂಟರ್ನ್‌ಗಳು ಈಗ ಎಷ್ಟು ಕುಡಿಯುತ್ತೀರಿ ಅನ್ನುವುದಕ್ಕೂ ಮೊದಲು "ನಿನ್ನೆ ರಾತ್ರಿ ಏನು ಉಂಡಿರಿ, ಯಾರ ಜೊತೆ ಉಂಡಿರಿ?" ಅಂತ ಕೇಳುತ್ತಾರೆ. ಹೆಂಡತಿಯನ್ನೋ ತಾಯಿಯನ್ನೋ ಬೇರೆಯಾಗಿ ಕೂರಿಸಿ, ಬೈಯದೆ, ಪುಡಿಯ ವಿಷಯ ಕೇಳುತ್ತಾರೆ. ಹತ್ತು ಮನೆ ಕೇಳಿದರೆ ಒಂದೆರಡು ಕಡೆಯಾದರೂ ತಲೆ ತಗ್ಗಿಸುವವರು ಸಿಗುತ್ತಾರೆ. ಪೋಸ್ಟರ್‌ನಲ್ಲಿ "ಇಂದೇ ಬಿಡಿ" ಅಂತಿದ್ದ ಜಾಗದಲ್ಲಿ "ದಿನಾ ಕುಡಿಯುವವರು ಡಾಕ್ಟರನ್ನು ಕೇಳಿ ಬಿಡಿ" ಅಂತ ಹಾಕಿದೆವು. ನಾನು ಸೋಮವಾರದ ಪಾಠವನ್ನೂ ಗುರುವಾರದ ಪಾಠವನ್ನೂ ಒಂದು ಮಾಡಿದೆ. ಟೈಮ್‌ಟೇಬಲ್‌ನಲ್ಲಿ ಇನ್ನೂ ಎರಡೇ ಇವೆ.

ಮಹದೇವನ ನೆನಪು ನಿಲ್ಲದ್ದರಿಂದ ಪುಟ್ಟಿ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ತಾರೀಖು, ಕೆಲಸಕ್ಕೆ ಹೋದರಾ, ಎಷ್ಟು ಕೂಲಿ, ರಾತ್ರಿ ಏನು ಉಂಡರು. "ಹೋದ್ರು. ಮುದ್ದೆ, ಬಸ್ಸಾರು." "ಹೋಗಿಲ್ಲ. ಮುದ್ದೆ, ಹುರುಳಿ ಸಾರು." ನಡುವೆ ಒಂದೆರಡು ಕಡೆ ಪುಟ್ಟ ಅಕ್ಷರದಲ್ಲಿ "ಕುಡಿದ್ರು" ಅಂತಲೂ ಇದೆ. ಅದನ್ನೂ ಮುಚ್ಚಿಟ್ಟಿಲ್ಲ. ಈ ವರ್ಷ ಯುಗಾದಿ ಕಳೆದು ಒಂದು ವಾರಕ್ಕೆ ಹೋದಾಗ ನೋಟ್‌ಬುಕ್ ತಿರುವಿದೆ. ಹೊಸತೊಡಕಿನ ದಿನದ ಸಾಲು ಖಾಲಿ ಇತ್ತು. ಇದೇನು ಪುಟ್ಟಿ ಅಂದೆ.

"ಅವತ್ತು ನಾನೇ ಬರ್ದಿಲ್ಲ ಸಾ. ಹಬ್ಬ ಅಲ್ವಾ" ಅಂದು ನೋಟ್‌ಬುಕ್ಕನ್ನು ನನ್ನ ಕೈಯಿಂದ ತೆಗೆದುಕೊಂಡಳು.